ಮಂಗಳವಾರ ಕ್ಷೌರಕ್ಕೆ ಬಂದ ನಮ್ಮ ಹಜರತ್

ಬೆಳಗಿನ ಜಾವ ಕೆಟ್ಟ ಕನಸು...
ಹೊಗೆಸೊಪ್ಪಿನ ಹೊಲದ ತುಂಬ ಮಂಜು.
ನಡುವೆ ಒಂದು ಕ್ಷೌರದಂಗಡಿಯ ಕುರ್ಚಿ, ಅದರ ಮೇಲೆ ಬಿಳಿ ಬಟ್ಟೆ.
ಕೂತವರು ಯಾರೂ ಇಲ್ಲ.
ಬಟ್ಟೆ ಮಾತ್ರ ಯಾರೋ ಒಳಗಿದ್ದು ಉಸಿರಾಡುವ ಹಾಗೆ ಏಳುತ್ತಿತ್ತು, ಇಳಿಯುತ್ತಿತ್ತು...

ಎದ್ದು ಹೆಂಡತಿಗೆ ಹೇಳಿದೆ.
"ಸುಮ್ಕೆ ಮನೀಕಳಿ. ನಿಮ್ಗೆ ದಿನಾ ಒಂದಲ್ಲ ಒಂದು ಇದ್ದೇ ಅದೆ" ಅಂದಳು.
ಆಗಲೇ ಫೋನ್ ಬಂದದ್ದು.

ನಮ್ಮ ಹುಣಸೂರಿನ ಹಜರತ್, ಮಸೀದಿಯ ಖಾದರ್ ಸಾಹೇಬರು ಹೋಗಿಬಿಟ್ಟರಂತೆ...
ಇಲ್ಲ... ಇನ್ನೂ ನಂಬಲಾಗುತ್ತಿಲ್ಲ ಫ್ರೆಂಡ್ಸ್...
ಮೊನ್ನೆ ನನ್ನ ಆಟೋದಲ್ಲಿ ಕೂತು "ಲೋ ರಾಜಣ್ಣ, ಬ್ರೇಕ್ ತೋರ್ಸೋ. ನಿನ್ ಎದೆಗಿಂತ ಜೋರಾಗಿ ಕಿರುಚ್ತದೆ" ಅಂತ ನಕ್ಕವರು...

ಮಣ್ಣು ಇವತ್ತೇ.
ಸುದ್ದಿ ತಿಳಿಸಿದಾಗ ಮಾದೇವ ಕಾಕನಕೋಟೆ ಕಡೆ ಕೆಲಸದಲ್ಲಿದ್ದ. ಒಂದೇ ಮಾತು ಅಂದ.
"ಅಣ್ಣಾ, ನಾನು ಬರೋಗಂಟ ಮುಚ್ಚಬ್ಯಾಡಿ ಅನ್ನು. ಒಂದ್ ಹಿಡಿ ಮಣ್ಣು ನಂದೂ ಬೀಳ್ಬೇಕು."
ಆಗಿನಿಂದ ಸಿಕ್ಕಸಿಕ್ಕವರಿಗೆಲ್ಲ ಫೋನ್ ಮಾಡುತ್ತಿದ್ದೇನೆ...

ಮಾದೇವ ಯಾರು ಎಂದು ಗೊತ್ತಿಲ್ಲದವರಿಗೆ ಹೇಳಬೇಕು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು, ಬರೆದದ್ದರಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಹೈವೇ ಬಿಟ್ಟು ಒಳಗೆ ಒಂದು ಊರು. ಹೆಸರು ಬೇಡ, ಇವತ್ತು ಆ ಊರೂ ಅಳುತ್ತಿದೆ.
ಅಲ್ಲಿ ನಂಜುಂಡಣ್ಣನದು ಒಂದೇ ಕ್ಷೌರದಂಗಡಿ.
ಆ ಕುರ್ಚಿಯಲ್ಲಿ ಕೇರಿಯವರು ಕೂರುವಂತಿರಲಿಲ್ಲ. ಕೂರಿಸಿದರೆ ಊರಿನವರು ಬರುವುದಿಲ್ಲ ಎಂಬ ಭಯ ನಂಜುಂಡಣ್ಣನಿಗೆ.
ಮಾದೇವ ಕೇರಿಯವನು. ಮದುವೆಗೆ ಮುಂಚೆ ಕಟಿಂಗ್ ಮಾಡಿಸಲು ಹೋದವನನ್ನು ಎಲ್ಲರೆದುರು ಎಬ್ಬಿಸಿ ಕಳಿಸಿದ್ದರು.

ಹಜರತ್, ಚರ್ಚಿನ ಫಾದರ್, ಮಠದ ಬುದ್ಧಿಯವರು... ಮೂವರೂ ಸೇರಿ ಇಂಥ ಅನ್ಯಾಯ ಎಲ್ಲಿದ್ದರೂ ಹೋಗುತ್ತಿದ್ದರು.
ಜಗಳವಿಲ್ಲ, ಘೋಷಣೆಯಿಲ್ಲ. ಹೋಗಿ ಕೂರುವುದು, ಅಷ್ಟೆ.
ಆಟೋ ನನ್ನದು.

ದಿನ ಗೊತ್ತು ಮಾಡಿದರು. ಶುಕ್ರವಾರ ಹಜರತ್‌ಗೆ ಆಗದು. ಭಾನುವಾರ ಫಾದರ್‌ಗೆ ಆಗದು. ಸೋಮವಾರ ಬುದ್ಧಿಯವರಿಗೆ ಪೂಜೆ.
ಹಾಗಾಗಿ ಮಂಗಳವಾರ...
ಮಂಗಳವಾರ ಕ್ಷೌರದಂಗಡಿಗೆ ರಜೆ ಎಂಬುದು ಮೂರು ಧರ್ಮದ ದೊಡ್ಡವರಿಗೂ ಹೊಳೆದಿರಲಿಲ್ಲ!

ಹೋದೆವು. ಬಾಗಿಲು ಹಾಕಿತ್ತು.
ಮಾದೇವನನ್ನು ನಡುವೆ ಕೂರಿಸಿಕೊಂಡು ಹೊರಗಿನ ಬೆಂಚಿನ ಮೇಲೆ ಕೂತರು. ಊರಿನವರಿಗೆ ನಗೆಯೋ ನಗೆ.
"ಏನ್ ಬುದ್ಧಿ, ಮಂಗಳವಾರ ಕ್ಷೌರಕ್ಕೆ ಬಂದಿದ್ದೀರಿ? ಅದೂ ಬೋಳು ತಲೇಗೆ!"
"ಬೆಂಚು ತಂಪಾಗಿ ಅದೆ ಕಣಪ್ಪ, ಕೂತಿದೀವಿ" ಅಂದರು ಬುದ್ಧಿಯವರು.
ನಾನು ಆಟೋ ಸ್ಟಾರ್ಟ್ ಆಗುತ್ತದೋ ಇಲ್ಲವೋ ಎಂದು ಮತ್ತೆ ಮತ್ತೆ ನೋಡಿಕೊಳ್ಳುತ್ತಿದ್ದೆ...

ಹಿಂದಿನ ಮನೆಯಿಂದ ನಂಜುಂಡಣ್ಣ ಓಡಿ ಬಂದ.
"ನನ್ ಹೊಟ್ಟೆ ಮ್ಯಾಲೆ ಹೊಡೀಬ್ಯಾಡಿ ಸಾಮಿ... ಇವತ್ತು ಎಂಗೂ ರಜ. ಬಾಗ್ಲು ಮುಚ್ಕೊಂಡು ಮಾದೇವಂಗೆ ಮಾಡ್ಕೊಟ್ಬುಡ್ತೀನಿ. ಯಾರ್ಗೂ ತಿಳಿಯಾಕಿಲ್ಲ."
ನನಗೆ ಅಷ್ಟೇ ಸಾಕಾಗಿತ್ತು. ಒಪ್ಪಿಕೊಳ್ಳಿ ಎಂದು ಕಣ್ಣಲ್ಲೇ ಬೇಡಿದೆ.

ಹಜರತ್... ಆಗ ನೀವು ಏನಂದಿರಿ, ನೆನಪಿದೆಯಾ?
"ಬಾಗ್ಲು ಮುಚ್ಕೊಂಡು ಮಾಡ್ಸಕ್ಕೆ ಇವನೇನ್ ಕಳ್ಳನಾ ನಂಜುಂಡಣ್ಣ? ನಾಳೆ ಬತ್ತೀವಿ, ಬಾಗ್ಲು ತೆಗ್ದಿರು. ನಿನ್ ಗಿರಾಕಿ ಕಮ್ಮಿಯಾದ್ರೆ ನಮ್ ಜನಾನ ಕರ್ಕೊಂಡ್ ಬರೋದು ನಮ್ ಜವಾಬ್ದಾರಿ."

ಬುಧವಾರ...
ಅದು ನಿಜವಾಗಿ ನಡೆದದ್ದೋ, ನಾನು ಕಂಡ ಇನ್ನೊಂದು ಕನಸೋ ಎಂದು ಈಗಲೂ ಅನುಮಾನ.
ಎಳೆಬಿಸಿಲು ಕನ್ನಡಿಗೆ ಬಿದ್ದು ಅಂಗಡಿಯೆಲ್ಲ ಕೆರೆಯ ನೀರಿನೊಳಗೆ ಇದ್ದಂತಿತ್ತು. ಹೊರಗೆ ಇಡೀ ಊರು ನಿಂತಿತ್ತು. ಕತ್ತರಿಯ ಸದ್ದೊಂದೇ...
ಮಾದೇವನ ಕೂದಲು ನೆಲ ಮುಟ್ಟಲು ಮನಸ್ಸಿಲ್ಲದ ಹಾಗೆ ತೇಲಿ ತೇಲಿ ಇಳಿಯುತ್ತಿತ್ತು...

ಮಾದೇವ ಎದ್ದ. ಗಡ್ಡ ಸರಿಮಾಡಿಸಲು ನೀವು ಕೂತಿರಿ.
ನಂಜುಂಡಣ್ಣ ಬಟ್ಟೆ ಬದಲಾಯಿಸಲು ಹೋದ. ನೀವು ಅವನ ಕೈ ಹಿಡಿದಿರಿ.
"ಅದೇ ಇರ್ಲಿ. ಬೆಚ್ಚಗದೆ."
ಮಾದೇವನ ಕೊರಳಲ್ಲಿದ್ದ ಬಟ್ಟೆಯೇ ನಿಮ್ಮ ಕೊರಳಿಗೆ ಬಂತು ಹಜರತ್...
ಹೊರಗೆ ಯಾರೋ ಒಬ್ಬರು ಚಪ್ಪಲಿ ಸರಿಮಾಡಿಕೊಂಡು ಹೊರಟುಹೋದರು.

ಆಮೇಲೆ ಊರಿನವರು ಸ್ವಲ್ಪ ಕಾಲ ಅಂಗಡಿ ಕಡೆ ಬರಲಿಲ್ಲ. ನೀವು ಕೊಟ್ಟ ಮಾತು ತಪ್ಪಲಿಲ್ಲ. ಮಸೀದಿಯವರು, ಚರ್ಚಿನವರು, ಮಠದ ಭಕ್ತರು... ಹುಣಸೂರಿನಿಂದ ಅಲ್ಲಿಗೇ ಬಂದು ತಲೆ ಕೊಟ್ಟರು. ನನ್ನ ಆಟೋ ತುಂಬ ಗಡ್ಡ ಬೆಳೆದವರೇ!
ಕೊನೆಗೆ ಊರಿನವರೂ ಒಬ್ಬೊಬ್ಬರಾಗಿ ಬಂದು ಕೇರಿಯವರ ಪಕ್ಕ ಬೆಂಚಿನಲ್ಲಿ ಕೂತರು. ಈಗ ಅಲ್ಲಿ ಮೊದಲು ಬಂದವರಿಗೆ ಮೊದಲು.

ನಂಜುಂಡಣ್ಣ ಇವತ್ತು ಅಂಗಡಿ ಬಾಗಿಲು ಹಾಕಿ ಹೊರಟಿದ್ದಾನೆ. ಫಾದರ್, ಬುದ್ಧಿಯವರು ದಾರಿಯಲ್ಲಿದ್ದಾರೆ. ನಾನು ಹುಣಸೂರು ಬಸ್‌ಸ್ಟ್ಯಾಂಡಿನಲ್ಲಿ ಆಟೋ ನಿಲ್ಲಿಸಿಕೊಂಡು ಮಾದೇವನಿಗಾಗಿ ಕಾಯುತ್ತಿದ್ದೇನೆ.

ಹೋಗಿ ಬನ್ನಿ ಹಜರತ್... ಎಲ್ಲರಿಗಾಗಿ ಅಲೆದ ಆ ಜೀವಕ್ಕೆ ತಣ್ಣನೆ ನೆರಳು, ತುಂಬು ನೆಮ್ಮದಿ ಸಿಗಲಿ...

ಮಸೀದಿ ಹತ್ತಿರ ಇರುವವರೇ, ಮಣ್ಣು ಮಧ್ಯಾಹ್ನದ ನಮಾಜ್ ಆದ ಮೇಲೆ ಎಂದು ಒಂದು ಮೆಸೇಜ್ ಬಂದಿದೆ, ಇಳಿಹೊತ್ತಿನ ನಮಾಜ್ ಆದ ಮೇಲೆ ಎಂದು ಇನ್ನೊಂದು. ಮಾದೇವ ಈಗ ತಾನೇ ಕಾಕನಕೋಟೆಯಲ್ಲಿ ಬಸ್ ಹತ್ತಿದ್ದಾನೆ. ಮಧ್ಯಾಹ್ನವೇ ಆದರೆ ಅವನು ಮುಟ್ಟುವುದು ಅನುಮಾನ... ದಯವಿಟ್ಟು ಯಾರಾದರೂ ಮನೆಯವರನ್ನೇ ಕೇಳಿ, ಟೈಮ್ ಇನ್ನೊಂದು ಸಲ ಖಾತ್ರಿ ಮಾಡಿ ಹೇಳಿ...