ಕೆಂಪು ಗೀಟಿಗೆ ದನಿ ಕೊಟ್ಟ ಅಸ್ಫಿಯಾ

ಶಹಾಬಾದಿನ ನಮ್ಮ ಓಣಿಯ ಅಸ್ಫಿಯಾಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಅಯ್ಯೋ ಪಾಪ ಅನ್ನುವವರು ಒಮ್ಮೆ ಅವಳೊಡನೆ ವಾದಕ್ಕೆ ಕೂತು ನೋಡಲಿ, ಐದೇ ನಿಮಿಷದಲ್ಲಿ ಸುಸ್ತಾಗುತ್ತಾರೆ. ಕಂಪ್ಯೂಟರ್ ಪ್ರೋಗ್ರಾಂ ಬರೆಯುವುದು ಅವಳ ಕಸುಬು. ಪರದೆಯ ಪ್ರತಿ ಸಾಲನ್ನೂ ಲ್ಯಾಪ್‌ಟಾಪ್ ಅವಳಿಗೆ ಓದಿ ಹೇಳುತ್ತದೆ, ನಮಗೆ ಒಂದಕ್ಷರವೂ ತಿಳಿಯದಷ್ಟು ವೇಗವಾಗಿ.

ಕಲಬುರಗಿಯ ಒಂದು ಕಂಪನಿ ಅವಳನ್ನು ಒಂದು ತಿಂಗಳ ಮಟ್ಟಿಗೆ ಪರೀಕ್ಷಾರ್ಥ ಕೆಲಸಕ್ಕೆ ತೆಗೆದುಕೊಂಡಿತ್ತು. ಪೀಕಲಾಟ ಶುರುವಾದದ್ದು ಅಲ್ಲಿ. ಸಾಲಿನಲ್ಲಿ ತಪ್ಪಿದ್ದರೆ ಅವರ ಪರದೆ ಅದರ ಕೆಳಗೊಂದು ಕೆಂಪು ಗೀಟು ಎಳೆಯುತ್ತದೆ, ಬಾಯಿಬಿಟ್ಟು ಏನೂ ಹೇಳುವುದಿಲ್ಲ. ಕಣ್ಣಿದ್ದವರು ಗೀಟು ನೋಡಿ ತಿದ್ದಿ ಮುಂದೆ ಹೋಗುತ್ತಾರೆ. ಅಸ್ಫಿಯಾ ಮಾತ್ರ ನಾನೂರು ಸಾಲಿದ್ದರೆ ನಾನೂರನ್ನೂ ಕೇಳುತ್ತ ಕೂರಬೇಕು. ಇದನ್ನು ತಯಾರಿಸಿದವರಿಗೆ ಕುರುಡರ ನೆನಪೇ ಬರಲಿಲ್ಲವೇ ಎಂದು ನನಗಂತೂ ಮೈ ಉರಿಯಿತು. ಮೇಲಧಿಕಾರಿ ಕಲ್ಯಾಣಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟರು: ಸೋಮವಾರ ಪರೀಕ್ಷೆ, ಅರ್ಧ ಗಂಟೆಯಲ್ಲಿ ನಾನು ಬೇಕೆಂದೇ ಹಾಕಿದ ಐದು ತಪ್ಪು ಹಿಡಿದರೆ ಖಾಯಂ ನೌಕರಿ, ಇಲ್ಲದಿದ್ದರೆ ಇಲ್ಲ.

ಅವಳ ತಂದೆ ಮಜೀದಸಾಬರು ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಕಾರ್ಖಾನೆಯಲ್ಲಿ ಕಲ್ಲು ಆರಿಸುವವರು. ಸುತ್ತಿಗೆಯಿಂದ ತಟ್ಟಿದರೆ ಗಟ್ಟಿ ಕಲ್ಲು ಟಣ್ ಅನ್ನುತ್ತದೆ, ಒಳಗೆ ಬಿರುಕಿದ್ದದ್ದು ಬದ್ ಅನ್ನುತ್ತದೆ. ಶನಿವಾರ ಬೆಳಿಗ್ಗೆ ಅಸ್ಫಿಯಾ ಮೊಬೈಲ್ ಹಿಡಿದು ತಂದೆಯ ಬೆನ್ನು ಹತ್ತಿ ಹೋಗಿ ಎರಡೂ ಸದ್ದು ತುಂಬಿಕೊಂಡು ಬಂದಳು. ಊಟ ತಿಂಡಿಯ ಗೊಡವೆಯಿಲ್ಲದೆ ಕೂತಳು. ಒಳ್ಳೆಯ ಸಾಲಿಗೆ ಟಣ್, ಕೆಂಪು ಗೀಟಿನ ಸಾಲಿಗೆ ಬದ್, ಹಾಗೆ ಒಂದು ಸಣ್ಣ ಪ್ರೋಗ್ರಾಂ ಬರೆದು ಆ ಪರದೆಗೆ ಜೋಡಿಸಿದಳು. ಭಾನುವಾರ ಸಂಜೆ ಅದನ್ನು ಪರೀಕ್ಷಿಸುತ್ತಿದ್ದಾಗ, ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ಮಜೀದಸಾಬರು ಬದ್ ಎಂಬ ಸದ್ದಿಗೆ ತಟ್ಟನೆ ಕೈಯೆತ್ತಿದರು.

“ಬೇಟಿ, ಅದು ಒಡಕ ಅದ. ಬಾಜೂಕ ಇಡು.”

ಅವರಿಗೆ ಪ್ರೋಗ್ರಾಮಿನ ಗಂಧಗಾಳಿಯೂ ಇಲ್ಲ. ಆದರೂ ತಪ್ಪು ಸಿಕ್ಕಿತ್ತು. ಅಸ್ಫಿಯಾಗೆ ಖುಷಿ ಎಷ್ಟಾಯಿತೆಂದರೆ ಮನೆ ಮನೆಗೆ ಬಂದು ನಮಗೆಲ್ಲ ಆ ಸದ್ದು ಕೇಳಿಸಿದಳು. ನನಗೂ ನಿಂತಲ್ಲಿ ನಿಲ್ಲಲಾಗಲಿಲ್ಲ.

ಸೋಮವಾರ ಕಂಪನಿಯಲ್ಲಿ ಪರೀಕ್ಷೆ ಶುರುವಾದ ಹನ್ನೊಂದೇ ನಿಮಿಷಕ್ಕೆ ಅವಳು ಕೀಲಿಮಣೆಯಿಂದ ಕೈ ತೆಗೆದಳು.

“ಆರೂ ತಿದ್ದೀನ್ರಿ, ಸರ್.”

“ಐದೇ ಹಾಕೀನವ್ವ ನಾ,” ಎಂದರು ಕಲ್ಯಾಣಪ್ಪ.

“ಎರಡುನೂರಾ ಎಂಟನೇ ಸಾಲು ನೋಡ್ರಿ. ಅದು ನಿಮ್ಮ ಕೈತಪ್ಪಿ ಆಗ್ಯಾದ.”

ಕಲ್ಯಾಣಪ್ಪ ತಮ್ಮ ಬಳಿಯಿದ್ದ ಮೂಲ ಪ್ರತಿ ತೆರೆದು ಕನ್ನಡಕ ಒರೆಸಿ ನೋಡಿದರು. ಒಂದೇ ಒಂದು ಚುಕ್ಕಿಯ ಕೆಳಗೆ, ಸಾಸಿವೆ ಕಾಳಿನಷ್ಟು ಕೆಂಪು ಗೀಟು ಇತ್ತು.

“ನಾಳಿಂದ ಖಾಯಂ ಕೆಲಸಕ್ಕ ಬರ್ರಿ,” ಎಂದರು. ಆಮೇಲೆ ಕುರ್ಚಿಯನ್ನು ಅವಳ ಹತ್ತಿರ ಎಳೆದುಕೊಂಡು, “ಆ ಸದ್ದು ನನ್ನ ಕಂಪ್ಯೂಟರಿಗೂ ಹಾಕಿ ಕೊಡ್ರಿ,” ಎಂದರು.