ತಂದೆಯ ಹೆಸರಿನ ತಿದ್ದುಪಡಿ

ನನ್ನ ತಂದೆಯ ಹೆಸರನ್ನು ನಾನು ಜೀವಮಾನವಿಡೀ ತಪ್ಪಾಗಿ ಬರೆಯುತ್ತಾ ಬಂದಿದ್ದೇನೆಂದು ನನಗೆ ತಿಳಿದದ್ದು ಐವತ್ತೆರಡನೆಯ ವಯಸ್ಸಿನಲ್ಲಿ, ಸೂರತ್ತಿನ ಒಂದು ಬ್ಯಾಂಕಿನಲ್ಲಿ. ಅಲ್ಲಿನ ವರಾಛಾ ಬಡಾವಣೆಯ ವಜ್ರ ಉಜ್ಜುವವರಿಗೆ ಇಡ್ಲಿ-ದೋಸೆ ಬಡಿಸುತ್ತಲೇ ಕೂದಲು ನರೆಸಿಕೊಂಡ ನನಗೆ, ಅದೇ ಊರಿನ ನದಿಯಾಚೆಯ ಅಡಾಜಣ್‌ನಲ್ಲಿ ಇನ್ನೊಂದು ಹೋಟೆಲು ತೆರೆಯುವ ಆಸೆ. ಸಾಲಕ್ಕೆ ಅರ್ಜಿ ಹಾಕಿದ್ದೆ. ಅಲ್ಲಿ ನಾನು ನೋಡಿಟ್ಟಿದ್ದ ಅಂಗಡಿಯ ಮಾಲೀಕರು ಶನಿವಾರದವರೆಗೆ ಮಾತ್ರ ಕಾಯುವವರು. ಅದೇ ಜಾಗಕ್ಕೆ ಪಿಜ್ಜಾದವನೊಬ್ಬ ಬಾಯಿ ಬಿಟ್ಟುಕೊಂಡು ಕೂತಿದ್ದ.

ಅರ್ಜಿ ಅಪ್ಪನ ಹೆಸರಿಗೆ ಕೆಂಪು ಸುತ್ತು ಹಾಕಿಸಿಕೊಂಡು ವಾಪಸು ಬಂತು. “ಶೆಟ್ಟಿಭಾಯ್, ನೀವು ಶೆಟ್ಟಿ, ನಿಮ್ಮ ತಂದೆ ಹೆಗ್ಡೆ. ಎಲ್ಲಾದರೂ ಉಂಟೇ? ಸರಿಮಾಡಿ ತನ್ನಿ” ಎಂದರು ಅಧಿಕಾರಿ. ನಮ್ಮ ಕರಾವಳಿಯ ಅಳಿಯಸಂತಾನದವರಲ್ಲಿ ಮಕ್ಕಳು ತಾಯಿಯ ಮನೆತನಕ್ಕೆ ಸೇರಿದವರು, ಹೆಸರಿನ ಬಾಲವೂ ಅಲ್ಲಿಂದಲೇ ಬರುತ್ತದೆ ಎಂದು ವಿವರಿಸಿದೆ. ಅಪ್ಪ ಯಾರೆಂದು ಸರಿಯಾಗಿ ಗೊತ್ತಿಲ್ಲದವನನ್ನು ನೋಡುವಂತೆ ಆ ಮಹಾಶಯರು ಕರುಣೆಯಿಂದ ನನ್ನನ್ನು ನೋಡಿದರು.

ಹಿಂದೆ ತಾಳೆಗರಿ ಬರೆಯುತ್ತಿದ್ದವರು, ತಪ್ಪಿದ್ದರೆ ಓದುವವರೇ ತಿದ್ದಿಕೊಳ್ಳಿ ಎಂದು ಕೊನೆಯಲ್ಲಿ ಕೈಮುಗಿದು ಪಾರಾಗುತ್ತಿದ್ದರಂತೆ. ಬ್ಯಾಂಕಿನಲ್ಲಿ ಆ ಸೌಲಭ್ಯವಿಲ್ಲ. ಅಲ್ಲಿ ಸರಿಯಿದ್ದದ್ದನ್ನೂ ನಾವೇ ತಿದ್ದಬೇಕು. ಸಾಲ ಮಾಡಿಸಿಕೊಡುವ ಏಜೆಂಟ್ ಹೊಸ ಅರ್ಜಿಯಲ್ಲಿ ಅಪ್ಪನನ್ನು ಒಂದೇ ನಿಮಿಷದಲ್ಲಿ ಶೆಟ್ಟಿ ಮಾಡಿಬಿಟ್ಟ. ನಾನು ಸಹಿ ಹಾಕಿದೆ. ನಾಚಿಕೆಯಾಯಿತು, ನಿಜ. ಆದರೆ ತೀರಿಹೋದವರು ತಕರಾರು ಮಾಡುವುದಿಲ್ಲ, ಪಿಜ್ಜಾದವನು ಕಾಯುವುದಿಲ್ಲ. ಅಪ್ಪನ ಪರವಾಗಿ ನನ್ನ ಪ್ಯಾನ್ ಕಾರ್ಡೇ ತಕರಾರು ಮಾಡಿತು. ಅದರಲ್ಲಿ ಅವರು ಹೆಗ್ಡೆಯಾಗಿಯೇ ಇದ್ದರು. ಈಗ ಬ್ಯಾಂಕಿನ ಲೆಕ್ಕದಲ್ಲಿ ನನಗೆ ಇಬ್ಬರು ಅಪ್ಪಂದಿರು. ನಿಜವಾದವರು ಯಾರೆಂದು ತಾಯಿಯಿಂದಲೇ ಬರೆಸಿ ತನ್ನಿ ಎಂದರು ಅಧಿಕಾರಿ.

ಶುಕ್ರವಾರ ಎಂಬತ್ತರ ಅಮ್ಮನನ್ನು ಕರೆದುಕೊಂಡು ಹೋದೆ. ಅಧಿಕಾರಿ ವಿನಯದಿಂದಲೇ, “ಅಮ್ಮಾ, ಇವರು ನಿಮ್ಮ ಯಜಮಾನರ ಮಗನೇ ತಾನೇ?” ಎಂದು ಹಿಂದಿಯಲ್ಲಿ ಕೇಳಿದರು. ಅಮ್ಮ ಮೇಜಿನ ಮೇಲಿದ್ದ ಅವರ ಹೆಸರಿನ ಫಲಕವನ್ನು ನಿಧಾನವಾಗಿ ಓದಿದಳು. ಗುಜರಾತಿನ ಪದ್ಧತಿಯಂತೆ ಅದರಲ್ಲಿ ಅವರ ಹೆಸರು, ಅವರ ಅಪ್ಪನ ಹೆಸರು, ಕೊನೆಗೆ ಅಪ್ಪನ ಮನೆತನ.

“ಹೌದು, ಅವರ ಮಗನೇ. ಎಲ್ಲಿ ಬೇಕಾದರೂ ರುಜು ಹಾಕ್ತೇನೆ. ಆದರೆ ಸಾಹೇಬರೇ, ನಿಮ್ಮ ಹೆಸರಲ್ಲಿ ನೀವಿದ್ದೀರಿ, ಅಪ್ಪ ಇದ್ದಾರೆ, ಅಪ್ಪನ ಮನೆ ಉಂಟು. ಹೆತ್ತವಳು ಎಲ್ಲಿ? ಆ ತಪ್ಪನ್ನು ತಿದ್ದಲಿಕ್ಕೆ ನಿಮಗೆ ಯಾರೂ ಹೇಳಲಿಲ್ಲವಾ?”

ಅಧಿಕಾರಿ ಫಲಕದತ್ತ ನೋಡಿದರು, ಅಮ್ಮನತ್ತ ನೋಡಿದರು, ಆಮೇಲೆ ಅಪ್ಪನನ್ನು ಮತ್ತೆ ಹೆಗ್ಡೆ ಮಾಡಿ ಮೊಹರು ಒತ್ತಿದರು. ಅಡಾಜಣ್ ಉಳಿಯಿತು.

ರಿಕ್ಷಾದಲ್ಲಿ ನನ್ನ ಉಬ್ಬು ಹೇಳತೀರದು. “ಅಮ್ಮಾ, ಒಳ್ಳೆ ಬುದ್ಧಿ ಕಲಿಸಿದಿ ಅವರಿಗೆ!” ಎಂದೆ.

ಅಮ್ಮ ನಗಲಿಲ್ಲ. “ಅವರಿಗೆ ಪಾಪ, ನಮ್ಮ ಕ್ರಮ ಗೊತ್ತಿಲ್ಲ. ನಿನ್ನ ಹೆಂಡತಿ ರೈಗಳ ಮನೆಯವಳು ಅಂತ ನಿನಗೆ ಗೊತ್ತಿತ್ತಲ್ಲ? ಶಾಲೆಗೆ ಸೇರಿಸುವಾಗ ಮಗಳನ್ನು ಶೆಟ್ಟಿ ಮಾಡಲಿಕ್ಕೆ ನಿನಗೆ ಯಾವ ಬ್ಯಾಂಕಿನವರು ಹೇಳಿದ್ದು ಮಾರಾಯ?”