ಆಡೂರಿನ ಹಳದಿ, ಸವಣೂರಿನ ಹಳದಿ

ಗಂಗವ್ವಕ್ಕಾ, ಹಿರೇಕೆರೂರಿನ ನಿಮ್ಮ ಮನೆಗೆ ನಾನು ಹಚ್ಚಿಸಿದ ಹಳದಿ ನಿಮ್ಮ ಅವ್ವನ ಮನೆಯ ಹಳದಿಯಲ್ಲ. ಹತ್ತು ವರ್ಷದಿಂದ ಬಂದವರಿಗೆಲ್ಲ ಗೋಡೆ ಮುಟ್ಟಿ ತೋರಿಸುತ್ತ ನೀವು ಹೇಳಿಕೊಂಡು ಬಂದ ಮಾತು ಸುಳ್ಳು — ಆ ಸುಳ್ಳು ನಿಮ್ಮದಲ್ಲ, ನನ್ನದು. ದೇವರ ಮಾಡದಲ್ಲಿ ನೀವು ಜೋಪಾನವಾಗಿ ಇಟ್ಟುಕೊಂಡಿರುವ ಗೋಡೆಯ ಚಕ್ಕೆ ಕೂಡ ಆಡೂರಿನದಲ್ಲ. ಇದನ್ನು ಎದುರಿಗೆ ಕೂತು ಹೇಳಬೇಕಿತ್ತು. ಎರಡು ಸಲ ಅದಕ್ಕೆಂದೇ ಬಂದೆ. ನೀವು ಕೊಟ್ಟ ಚಹಾ ಕುಡಿದು, ಮಳೆ-ಬೆಳೆ ಮಾತಾಡಿ ಎದ್ದುಹೋದೆ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ನೀವು ಹಾನಗಲ್ಲಿನ ನನ್ನ ಆಫೀಸಿಗೆ ಮೊದಲ ಸಲ ಬಂದ ದಿನ ನೆನಪಿದೆಯೇ? ಮನೆಗಳ ಮುಂಭಾಗದ ನಕ್ಷೆ ಬರೆದು, ಬಣ್ಣ ಹೊಂದಿಸಿಕೊಡುವುದು ಆಗಲೂ ನನ್ನ ಕೆಲಸ. ಹಳದಿ ಬೇಕು ಅಂದಿರಿ. ಸರಿ, ನನ್ನ ಭಾಷಣ ಶುರುವಾಯಿತು. ಹೆಂಚಿನ ಮನೆಯಾದರೆ ಹಳದಿ ಗಾಢವಾಗಿರಬೇಕು, ಬಾಗಿಲು-ಕಿಟಕಿಗೆ ಹಸಿರು. ಕಮಾನಿರುವ ಹಳೇ ಮನೆಯಾದರೆ ತಿಳಿ ಹಳದಿ, ಕಮಾನಿನ ಅಂಚಿಗೆ ಬಿಳಿ ಸುಣ್ಣ. ಸ್ಲ್ಯಾಬ್ ಹಾಕಿದ ಹೊಸ ಮನೆಗೆ ಸಾಸಿವೆ ಬಣ್ಣ, ಮೇಲೊಂದು ಬೂದು ಪಟ್ಟಿ. ಮಣ್ಣಿನ ಮನೆಯ ಬಗ್ಗೆ ಮಾತ್ರ ನನ್ನ ಹತ್ತಿರ ಮಾತಿರಲಿಲ್ಲ. ಅಂಥ ಮನೆಯವರು ನನ್ನ ಆಫೀಸಿನ ಮೆಟ್ಟಿಲು ಹತ್ತುತ್ತಿರಲಿಲ್ಲ.

ನಿಮ್ಮ ಅಂಗನವಾಡಿಯ ಮಕ್ಕಳ ಗಲಾಟೆ ಕೇಳಿಸಿಕೊಳ್ಳುವ ತಾಳ್ಮೆಯಲ್ಲಿ ನೀವು ಎಲ್ಲ ಕೇಳಿದಿರಿ. ಆಮೇಲೆ ಕರವಸ್ತ್ರದ ಗಂಟು ಬಿಚ್ಚಿದಿರಿ. ಒಳಗೆ ಹೆಬ್ಬೆರಳಗಲದ ಒಂದು ಚಕ್ಕೆ.

“ಇವೆಲ್ಲಾ ಛಲೋ ಅದಾವ ತಮ್ಮಾ. ನನಗ ಇದು ಬೇಕು. ರಸ್ತೆ ಅಗಲ ಮಾಡೂ ಮುಂದ ಆಡೂರಾಗ ನಮ್ಮವ್ವನ ಮನಿ ಕೆಡವಿದ್ರು. ಇಷ್ಟ ಉಳದೈತಿ.”

ನಿಮ್ಮ ಅವ್ವ ಪ್ರತಿ ವರ್ಷ ಪಂಚಮಿಗೆ ಮುಂಚೆ ಆ ಗೋಡೆಗೆ ತನ್ನ ಕೈಯಾರೆ ಹಳದಿ ಬಳಿಯುತ್ತಿದ್ದರೆಂದೂ, ಅವರ ಬೆರಳಿನ ಗೆರೆ ಗೋಡೆಯ ಮೇಲೆ ಮುಂದಿನ ವರ್ಷದವರೆಗೆ ಹಾಗೇ ಇರುತ್ತಿತ್ತೆಂದೂ ಹೇಳಿದಿರಿ. ಚಕ್ಕೆಯನ್ನು ನನ್ನ ಅಂಗೈಯಲ್ಲಿಟ್ಟು ಬಸ್ಸಿಗೆ ಹೊರಟುಹೋದಿರಿ.

ನನ್ನ ಅಬ್ಬಾ ಸವಣೂರಿನಲ್ಲಿ ಸುಣ್ಣದ ಕೆಲಸದವರು. ಹಳೇ ಗೋಡೆಯ ಬಣ್ಣ ತಿಳಿಯಬೇಕಾದರೆ ಚಕ್ಕೆಯನ್ನು ನೀರಿಗೆ ಹಾಕು, ಧೂಳು ಬಿಡಲಿ, ಬಟ್ಟೆಯ ಮೇಲೆ ಒಣಗಿಸು, ಆಗ ನಿಜವಾದ ಬಣ್ಣ ಕಾಣುತ್ತದೆ — ಇದು ಅವರು ಕಲಿಸಿದ ಮೊದಲ ಪಾಠ. ಹಾಗೇ ಮಾಡಿದೆ. ಸ್ಟೀಲ್ ಲೋಟದಲ್ಲಿ ನೀರು ತುಂಬಿ ಚಕ್ಕೆ ಬಿಟ್ಟೆ. ಯಾರದೋ ಫೋನು ಬಂತು, ಮಾತಾಡಿ ತಿರುಗಿ ನೋಡಿದರೆ ಲೋಟದಲ್ಲಿ ಚಕ್ಕೆ ಇರಲಿಲ್ಲ. ಹಳದಿ ರಾಡಿ ಇತ್ತು.

ಸುಣ್ಣದ ಚಕ್ಕೆ ನೀರಿಗೆ ಹೆದರುವುದಿಲ್ಲ, ಅಕ್ಕಾ. ನಿಮ್ಮದು ಮಣ್ಣಿನದು. ಮಣ್ಣಿನ ಗೋಡೆ, ಮೇಲೆ ಹಳದಿ ಮಣ್ಣಿನ ಸಾರಣೆ. ಸುಣ್ಣದವನ ಮಗನಿಗೆ ಅದು ಹೊಳೆಯಲೇ ಇಲ್ಲ. ನೀರು ಬಸಿದು ರಾಡಿ ಒಣಗಿಸಿದೆ. ಮೇಲಿನ ಹಳದಿ, ಒಳಗಿನ ಮಣ್ಣು ಎರಡೂ ಕಲೆತು ಏನೂ ಅಲ್ಲದ ಒಂದು ಬಣ್ಣ ಉಳಿಯಿತು. ಇಲ್ಲಿಯವರೆಗೆ ಆದದ್ದು ತಿಳಿಯದೆ ಆದದ್ದು. ಮುಂದಿನದು ತಿಳಿದೇ ಮಾಡಿದ್ದು.

ಎರಡನೆಯ ದಿನ ನಿಮ್ಮ ಫೋನು. “ಚಕ್ಕಿ ಜೋಪಾನ ಐತೇನು ತಮ್ಮಾ?”

“ಐತ್ರಿ ಅಕ್ಕಾರ. ಎಲ್ಲಿ ಹೋಗ್ತೈತಿ?”

ಆವತ್ತೇ ಸವಣೂರಿಗೆ ಹೋದೆ. ನನ್ನ ದಾದಿಯ ಮನೆ, ಅಂದರೆ ಅಬ್ಬಾನ ತಾಯಿಯ ಮನೆ, ಕಮಾನಿನ ಕಿಟಕಿಗಳ ಹಳೇ ಮನೆ. ಅದೂ ಹಳದಿಯೇ — ಸುಣ್ಣಕ್ಕೆ ಬಣ್ಣ ಕಲಸಿ ಹೊಡೆದದ್ದು. ಹಿತ್ತಲ ಗೋಡೆಯಿಂದ ಹೆಬ್ಬೆರಳಗಲ ಎಬ್ಬಿಸಿದೆ. ಹಿಂಬದಿಯಲ್ಲಿ ಬಿಳಿ ಗಾರೆ ಕಂಡರೆ ನಿಮಗೆ ಗೊತ್ತಾಗುತ್ತದೆಂದು ಅದಕ್ಕೆ ಮಣ್ಣು ಮೆತ್ತಿ ಬಿಸಿಲಿಗಿಟ್ಟೆ. ಎಷ್ಟು ಅಚ್ಚುಕಟ್ಟಾಗಿ ಮೆತ್ತಿದೆನೆಂದರೆ, ಒಂದು ಕ್ಷಣ ನನ್ನ ಕೈಚಳಕಕ್ಕೆ ನಾನೇ ಖುಷಿಪಟ್ಟೆ. ಇದನ್ನೂ ಬರೆಯದಿದ್ದರೆ ಈ ಪತ್ರ ಅರ್ಧ ಸುಳ್ಳಾಗುತ್ತದೆ.

ಆ ಚಕ್ಕೆಗೆ ಹೊಂದಿಸಿ ನಿಮ್ಮ ಮನೆಗೆ ಹಳದಿ ಹಚ್ಚಿಸಿದೆ. ಬುಡಕ್ಕೆ ಕೆಮ್ಮಣ್ಣಿನ ಬಣ್ಣದ ಪಟ್ಟಿ, ಕಿಟಕಿಗಳ ಸುತ್ತ ಬಿಳಿ ಅಂಚು, ಕಟ್ಟೆಗೆ ಕೆಂಪು. ಮನೆ ಚೆಂದವೇ ಆಯಿತು. ಕೆಲಸ ಮುಗಿದ ಬೆಳಿಗ್ಗೆ ನೀವು ರಸ್ತೆಯ ಆಚೆ ಬದಿಗೆ ಹೋಗಿ ನಿಂತು ನೋಡಿದಿರಿ. ಬಹಳ ಹೊತ್ತು ನೋಡಿದಿರಿ. ನಾನು ನಿಮ್ಮ ಮುಖವನ್ನೇ ನೋಡುತ್ತಿದ್ದೆ. ಭಯವಿತ್ತು, ಭಯದ ಜೊತೆಗೆ ಒಂದು ಕೆಟ್ಟ ಕುತೂಹಲವೂ ಇತ್ತು — ಒಬ್ಬ ಮಗಳ ಕಣ್ಣು ಇದನ್ನು ಹಿಡಿಯುತ್ತದೆಯೇ?

ಹಿಡಿಯಿತು.

“ಅವ್ವನ ಮನಿ ಇದಕ್ಕಿಂತ ಒಂಚೂರು ತಣ್ಣಗ ಇತ್ತೇನೋ ತಮ್ಮಾ... ಕಣ್ಣಿಗೆ ಹಿಂಗ ಬಡೀತಿದ್ದಿಲ್ಲ.”

ಆಗ ನಾನು ಅಂದ ಮಾತು ನಿಮಗೆ ಮರೆತಿರಬಹುದು. ನನಗೆ ಮರೆತಿಲ್ಲ.

“ನೆನಪು ಹಂಗರಿ ಅಕ್ಕಾರ, ವಯಸ್ಸಾದಂಗ ಮಸಕ ಆಗ್ತೈತಿ. ಚಕ್ಕಿ ಸುಳ್ಳು ಹೇಳಾಂಗಿಲ್ಲ, ನೋಡ್ರಿ ಬೇಕಾದ್ರ.”

ಕಿಸೆಯಿಂದ ತೆಗೆದು ಗೋಡೆಗೆ ಹಿಡಿದು ತೋರಿಸಿದೆ. ಹೊಂದದೆ ಏನಾದೀತು? ನೀವು ನಕ್ಕಿರಿ. “ಖರೇ, ನನಗ ಮರತೈತಿ” ಅಂದು ಚಕ್ಕೆಯನ್ನು ಕಣ್ಣಿಗೊತ್ತಿಕೊಂಡಿರಿ. ನಿಮ್ಮ ಅವ್ವನ ಗೋಡೆಯೊಂದೇ ಅಲ್ಲ, ಅದನ್ನು ನೆನಪಿಟ್ಟಿದ್ದ ನಿಮ್ಮ ಕಣ್ಣನ್ನೂ ನಾನು ಆವತ್ತು ಸುಳ್ಳು ಮಾಡಿಬಿಟ್ಟೆ.

ನಿಮ್ಮ ಮನೆ ನೋಡಿದವರು ಅಂಥದೇ ಹಳದಿ ಬೇಕೆಂದು ಮೊಬೈಲಿನಲ್ಲಿ ಫೋಟೋ ಹಿಡಿದು ಬಂದರು. ಹತ್ತಿಮತ್ತೂರಿನಿಂದಲೂ ಬಂದರು. ನಾನು ಹಳದಿ ಮನೆಯವನೆಂದೇ ಹೆಸರಾದೆ. ಬಂದವರಿಗೆಲ್ಲ ಅದೇ ಹಳದಿ ಹಚ್ಚಿಸಿಕೊಟ್ಟೆ. ಕಳೆದ ತಿಂಗಳು ನೀವು ಫೋನು ಮಾಡಿ, “ಶಿಗ್ಗಾಂವ್ಯಾಗ ಮಗಳು ಮನಿ ಕಟ್ಸ್ಯಾಳ. ಅವರಜ್ಜಿ ಮನಿ ಬಣ್ಣನ ಹಚ್ಚಬೇಕಂತ ಹಟ ಹಿಡದಾಳ” ಅಂದಾಗ — ಇನ್ನು ಸಾಧ್ಯವಿಲ್ಲ ಅನ್ನಿಸಿತು.

ಮರುದಿನವೇ ಆಡೂರಿಗೆ ಹೋದೆ. ಆ ಹಳದಿ ಎಲ್ಲಿಂದ ಬರುತ್ತಿತ್ತು? ಹತ್ತು ವರ್ಷ ಹಳದಿಯಿಂದಲೇ ಬದುಕಿದವನು ಇಷ್ಟು ಸಣ್ಣ ಪ್ರಶ್ನೆಯನ್ನು ಒಮ್ಮೆಯೂ ಕೇಳಿರಲಿಲ್ಲ. ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದ ಒಬ್ಬ ಮುದುಕಿ, ನಾನು ನಿಮ್ಮ ಅವ್ವನ ಹೆಸರು ಹೇಳಿದೊಡನೆ, ಮುಖ ಅರಳಿಸಿದರು. “ಹಳದಿ ಮಣ್ಣ? ಆಕಿ ನಾನು ಕೂಡೇ ತರ್ತಿದ್ವಿ. ಹಳ್ಳದ ದಂಡಿಗೆ ಅಗದು ನೋಡು ಯಪ್ಪಾ, ಈಗ ಯಾರಿಗೂ ಬ್ಯಾಡ ಅದು.” ಅಗೆದೆ. ಮೊಣಕೈ ಆಳದಲ್ಲಿ ಸಿಕ್ಕಿತು. ನೀರಲ್ಲಿ ಕಲಸಿ ಅವರದೇ ಗೋಡೆಯ ಮೇಲೆ ಒಂದು ಗೇಣು ಬಳಿದು, ಒಣಗುವವರೆಗೆ ಅಲ್ಲೇ ಕುಳಿತೆ. ಮೊದಲು ಗಾಢವಾಗಿತ್ತು, ಒಣಗುತ್ತ ಒಣಗುತ್ತ ತಿಳಿಯಾಗಿ, ನೆನೆಸಿಟ್ಟ ಕಡಲೆಬೇಳೆಯ ಬಣ್ಣಕ್ಕೆ ಬಂದು ನಿಂತಿತು. ಬಿಸಿಲು ನೇರ ಬಿದ್ದರೂ ಕಣ್ಣಿಗೆ ಬಡಿಯಲಿಲ್ಲ.

ಈ ಪತ್ರದ ಜೊತೆ ಒಂದು ಚೀಲದಲ್ಲಿ ಆ ಮಣ್ಣು ಕಳಿಸಿದ್ದೇನೆ. ಮಾಡದಲ್ಲಿರುವ ಚಕ್ಕೆಯನ್ನು ನೀರಿಗೆ ಹಾಕಿ ನೋಡಿ: ಹಿಂಬದಿಗೆ ನಾನು ಮೆತ್ತಿದ ಮಣ್ಣು ಬಿಟ್ಟುಹೋಗುತ್ತದೆ, ಚಕ್ಕೆ ಕರಗುವುದಿಲ್ಲ. ಅದು ನನ್ನ ದಾದಿಯ ಮನೆಯದು. ಇಟ್ಟುಕೊಳ್ಳುವುದೋ ಎಸೆಯುವುದೋ ನಿಮ್ಮಿಷ್ಟ. ಶಿಗ್ಗಾವಿಯ ಮನೆಯ ಬಣ್ಣ ನಾನು ಆರಿಸುವುದಿಲ್ಲ. ನೀವು, ನಿಮ್ಮ ಮಗಳು ಆರಿಸಿ. ಹಚ್ಚಲು ಕರೆದರೆ ಬರುತ್ತೇನೆ, ಕರೆಯದಿದ್ದರೆ ಅದೂ ನ್ಯಾಯವೇ.

ಮಣ್ಣು ಕಲಸಿ ನಿಮ್ಮ ಕೈಯಿಂದಲೇ ಒಂದು ಗೇಣು ಬಳಿದು ನೋಡಿ. ಒಣಗಿದ ಮೇಲೆ ಅದು ಯಾರದೋ ಮನೆಯ ಬಣ್ಣ ಅನ್ನಿಸಬಹುದು; ಹತ್ತು ವರ್ಷ ನನ್ನ ಹಳದಿಯನ್ನು ನೋಡಿದ ಕಣ್ಣು ನಿಮ್ಮದು. ಮರೆತೆನಲ್ಲಾ ಎಂದು ನಿಮ್ಮನ್ನು ನೀವೇ ಬಯ್ದುಕೊಳ್ಳಬೇಡಿ. ನೀವು ಮರೆತಿರಲಿಲ್ಲ. ರಸ್ತೆಯ ಆಚೆ ನಿಂತು ಆವತ್ತು ನೀವು ಹೇಳಿದ್ದೇ ಸರಿ, ಅಕ್ಕಾ — ಅವ್ವನ ಮನೆ ಇದಕ್ಕಿಂತ ತಣ್ಣಗಿತ್ತು.